ಹೃದಯವೂ ಬೆಳಕಿನ ಸೂಜಿಯೂ

ನಮ್ಮ ಊರಿಗೆ ಹೆಸರನ್ನು ಕೊಟ್ಟುದು ಶನಿವಾರದ ಸಂತೆ. ಸಂತೆಯ ದಿನ ಸುತ್ತಣ ತೋಟಗಳಿಂದಲೂ ಗದ್ದೆಬಯಲುಗಳಿಂದಲೂ ಜನರು ಬಂದು, ಬೇಕಾದುದನ್ನು ಕೊಂಡು, ಹೊರೆಯನ್ನು ಹೊತ್ತು, ಏರುದಾರಿಯಲ್ಲಿ ಮನೆಗೆ ಮರಳುವುದು ನಾವೆಲ್ಲರೂ ಬಾಲ್ಯದಿಂದ ಕಂಡ ನೋಟವೇ. ಆ ಏರಿನ ನಡುವೆ ಐವತ್ತು ವರ್ಷದ ತಾಯಿಯೊಬ್ಬಳು ಚೀಲವನ್ನು ಕೆಳಗಿರಿಸಿ, ಅಂಗೈಯನ್ನು ಎದೆಗೆ ಒತ್ತಿಕೊಂಡು, ನಾಲ್ಕು ನಿಮಿಷ ನಿಂತಳೆಂದು ಭಾವಿಸೋಣ. ಜೊತೆಯಲ್ಲಿದ್ದ ಮಗಳು "ಏನಮ್ಮಾ?" ಎಂದು ಕೇಳಿದರೆ ಆಕೆ "ಏನೂ ಇಲ್ಲ, ವಾಯು ಹಿಡಿದಿದೆ, ನಡೆ" ಎನ್ನುವಳು. ಮುಂದಿನ ವಾರ ಅದೇ ನೋವು ಅರ್ಧ ದಾರಿಯಲ್ಲಿಯೇ ಬರುವುದು. ಅದರ ಮುಂದಿನ ವಾರ ಇರುಳಿನಲ್ಲಿ, ಮಲಗಿದ್ದಲ್ಲಿಯೇ ಬರುವುದು. ಆಗಲೂ ಆಕೆ ಯಾರನ್ನೂ ಎಬ್ಬಿಸಲಾರಳು. ಜೀರಿಗೆಯ ಕಷಾಯವನ್ನು ಕುಡಿದು ಬೆಳಗಾಗುವುದನ್ನು ಕಾಯುವಳು.

ಈ ಮೂರು ವಾರಗಳಲ್ಲಿ ಆ ತಾಯಿಯ ಎದೆಯೊಳಗೆ ನಡೆದುದೇನು? ಅದಕ್ಕೆ ವೈದ್ಯಶಾಸ್ತ್ರವು ಏನನ್ನು ಮಾಡಬಲ್ಲದು? ಬೆಳಕಿನ ಕಿರಣದಿಂದ, ಎಂದರೆ ಲೇಸರಿನಿಂದ, ಹೃದಯದಲ್ಲಿ ರಂಧ್ರಗಳನ್ನು ಕೊರೆದು ಇಂಥ ನೋವನ್ನು ನೀಗಿಸುವರೆಂದು ಕೇಳುತ್ತೇವಲ್ಲಾ, ಅದು ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಈ ಪ್ರಶ್ನೆಗಳನ್ನು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಟ್ಟು, ತರಗತಿಯ ಪಾಠದಂತೆ ಒಂದೊಂದಾಗಿ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶವು.

೧. ತುಂಬಿದ ಮನೆಯಲ್ಲಿ ಹಸಿವು

ಮನುಷ್ಯನ ಹೃದಯವು ಅವನ ಮುಷ್ಟಿಗಿಂತ ತುಸು ದೊಡ್ಡದು. ತೂಕದಲ್ಲಿ ಸುಮಾರು ೩೦೦ ಗ್ರಾಂ. ನಿಮಿಷಕ್ಕೆ ೭೦ ಸಲವೆಂದು ಲೆಕ್ಕವಿಟ್ಟರೂ ಅದು ಒಂದು ಹಗಲು ಒಂದು ಇರುಳಿನಲ್ಲಿ ಲಕ್ಷಕ್ಕಿಂತ ಹೆಚ್ಚು ಸಲ ಬಡಿಯುವುದು. ನಾವು ನಿದ್ರಿಸುವಾಗಲೂ ಅದಕ್ಕೆ ರಜೆಯಿಲ್ಲ. ಇಷ್ಟು ದುಡಿಯುವ ಸ್ನಾಯುವಿಗೆ ಎಡೆಬಿಡದೆ ಆಹಾರವೂ ಪ್ರಾಣವಾಯುವೂ ಒದಗಬೇಕು. ಅವೆರಡನ್ನೂ ತರುವುದು ರಕ್ತವೇ.

ಇಲ್ಲಿ ಒಂದು ವಿಚಿತ್ರವುಂಟು. ಹೃದಯದ ಕೋಣೆಗಳಲ್ಲಿ ಸದಾ ರಕ್ತವು ತುಂಬಿ ತುಳುಕುತ್ತಿದ್ದರೂ ಅದರ ದಪ್ಪ ಗೋಡೆಯು ಆ ರಕ್ತವನ್ನು ನೇರವಾಗಿ ಹೀರಿಕೊಳ್ಳಲಾರದು. ಒಳಮೈಯ ತೀರ ತೆಳುವಾದ ಪದರಕ್ಕೆ ಮಾತ್ರ ಅದು ದಕ್ಕುವುದು. ಉಳಿದ ಗೋಡೆಗೆಲ್ಲ ರಕ್ತವು ಸುತ್ತುಬಳಸಿ ಬರಬೇಕು. ಹೃದಯದಿಂದ ಹೊರಟ ಮಹಾಧಮನಿಯ ಬುಡದಲ್ಲಿಯೇ ಎರಡು ಸಣ್ಣ ನಾಳಗಳು ಕವಲೊಡೆದು, ಹೃದಯದ ಹೊರಮೈಯ ಮೇಲೆ ಬಳ್ಳಿಯಂತೆ ಹಬ್ಬಿ, ಅಲ್ಲಿಂದ ಗೋಡೆಯೊಳಕ್ಕೆ ಇಳಿಯುವುವು. ಇವುಗಳಿಗೆ ಕರೋನರಿ ಧಮನಿಗಳೆಂದು ಹೆಸರು. ಗದ್ದೆಯ ಪಕ್ಕದಲ್ಲಿಯೇ ಹೊಳೆಯು ಹರಿಯುತ್ತಿದ್ದರೂ ಕಾಲುವೆಯಿಲ್ಲದೆ ಪೈರಿಗೆ ನೀರು ಸಿಕ್ಕದಲ್ಲವೇ? ಹೃದಯದ ಸಂಗತಿಯೂ ಹಾಗೆಯೇ. ಕಾಲುವೆಯಲ್ಲಿ ಹೂಳು ತುಂಬಿತೆಂದರೆ, ಹೊಳೆಯು ಎಷ್ಟು ತುಂಬಿ ಹರಿದರೂ ಪೈರು ಬಾಡುವುದು.

ಕರೋನರಿ ಧಮನಿಯ ಒಳಗೋಡೆಯಲ್ಲಿ ಹಲವು ವರ್ಷಗಳಿಂದ ಕೊಬ್ಬು ಸೇರುತ್ತ ದಾರಿಯು ಕಿರಿದಾದಾಗ, ಸ್ನಾಯುವು ಹಸಿದು ಕೂಗಿಕೊಳ್ಳುವುದು. ಆ ಕೂಗೇ ಹೃದಯಶೂಲೆ, ವೈದ್ಯರ ಮಾತಿನಲ್ಲಿ ಆಂಜೈನಾ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅವರು ೧೭೬೮ರಲ್ಲಿ ವೈದ್ಯರ ಸಭೆಯ ಮುಂದೆ ಈ ನೋವನ್ನು ವರ್ಣಿಸಿ ಹೆಸರಿಟ್ಟರು. ೧೭೭೨ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಮುಖ್ಯವಾಗಿ ಏರನ್ನು ಹತ್ತುವಾಗ, ಎದೆಯನ್ನು ಇರುಕಿದಂತಾಗಿ, ನಿಂತೊಡನೆ ಮಾಯವಾಗುವ ನೋವೆಂದು ಅವರು ಗುರುತಿಸಿದ್ದು ಇಂದಿಗೂ ಸರಿಯಾಗಿಯೇ ಇದೆ.

೨. ಶೂಲೆಯಲ್ಲಿ ಎರಡು ಬಗೆ

ಹೃದಯಶೂಲೆಯಲ್ಲಿ ಎರಡು ಬಗೆಗಳುಂಟು. ಇವುಗಳ ಭೇದವನ್ನು ಪ್ರತಿಯೊಂದು ಮನೆಯವರೂ ಅರಿತಿರತಕ್ಕದ್ದು.

ಮೊದಲನೆಯದು ಸ್ಥಿರ ಹೃದಯಶೂಲೆ. ಇಷ್ಟು ದೂರ ನಡೆದರೆ, ಇಷ್ಟು ಭಾರ ಹೊತ್ತರೆ, ಚಳಿಗಾಳಿಗೆ ಮೈಯೊಡ್ಡಿದರೆ ಬರುವುದು. ವಿಶ್ರಮಿಸಿದರೆ ಕೆಲವು ನಿಮಿಷಗಳಲ್ಲಿ ಹೋಗುವುದು. ಅದರ ಬರವು ಹೋಗುಗಳಿಗೆ ಒಂದು ಕ್ರಮವಿರುವುದರಿಂದ ಅದಕ್ಕೆ ಸ್ಥಿರವೆಂದು ಹೆಸರಾಯಿತು. ಇದಕ್ಕೂ ಚಿಕಿತ್ಸೆ ಬೇಕು; ಆದರೆ ಯೋಚಿಸಿ ಏರ್ಪಾಡು ಮಾಡಿಕೊಳ್ಳಲು ಸಾಮಾನ್ಯವಾಗಿ ಕಾಲಾವಕಾಶವಿರುತ್ತದೆ.

ಎರಡನೆಯದು ಅಸ್ಥಿರ ಹೃದಯಶೂಲೆ. ಎಂದೂ ಇಲ್ಲದವರಿಗೆ ಹೊಸದಾಗಿ ತೀವ್ರವಾದ ನೋವು ಬರುವುದು, ಇದ್ದ ನೋವು ದಿನದಿನಕ್ಕೆ ಹೆಚ್ಚುವುದು, ಅಲ್ಪ ಶ್ರಮಕ್ಕೇ ಬರತೊಡಗುವುದು, ಕೊನೆಗೆ ಕುಳಿತಲ್ಲಿ ಮಲಗಿದಲ್ಲಿ ಬಂದು ಇಪ್ಪತ್ತು ನಿಮಿಷಗಳಾದರೂ ಬಿಡದಿರುವುದು, ಇವೆಲ್ಲವೂ ಇದರ ಲಕ್ಷಣಗಳು. ಇಲ್ಲಿ ಬರಿಯ ಹೂಳಿನ ಮಾತಲ್ಲ. ಧಮನಿಯ ಗೋಡೆಯಲ್ಲಿದ್ದ ಕೊಬ್ಬಿನ ಗಂಟು ಬಿರಿದು, ಬಿರಿದ ಜಾಗದಲ್ಲಿ ರಕ್ತವು ಹೆಪ್ಪುಗಟ್ಟಿ, ಉಳಿದಿದ್ದ ಕಿರುದಾರಿಯನ್ನೂ ಮುಚ್ಚುವುದಕ್ಕೆ ತೊಡಗಿರುವುದು. ಅದು ಪೂರ್ತಿ ಮುಚ್ಚಿತೆಂದರೆ ಹೃದಯದ ಸ್ನಾಯುವು ಸಾಯತೊಡಗುವುದು, ಅದೇ ಹೃದಯಾಘಾತ. ನಾವು ಮೊದಲು ಹೇಳಿದ ತಾಯಿಗೆ ಮೊದಲ ವಾರದಲ್ಲಿ ಬಂದುದು ಎಚ್ಚರಿಕೆ. ಮೂರನೆಯ ವಾರದಲ್ಲಿ ಬಂದುದು ಬಾಗಿಲು ಬಡಿಯುವ ಅಪಾಯ.

ಅಸ್ಥಿರ ಹೃದಯಶೂಲೆಯವರನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಇ.ಸಿ.ಜಿ. ತೆಗೆದು, ಸ್ನಾಯುವಿಗೆ ಪೆಟ್ಟಾಗಿದೆಯೇ ಎಂಬುದನ್ನು ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯಿಂದ ತಿಳಿದುಕೊಳ್ಳುವರು. ಹೆಪ್ಪು ಬೆಳೆಯದಂತೆ ಆಸ್ಪಿರಿನ್ ಹೆಪಾರಿನ್ ಮೊದಲಾದ ಔಷಧಗಳನ್ನೂ, ಹೃದಯದ ದುಡಿಮೆಯನ್ನು ಇಳಿಸುವ ಔಷಧಗಳನ್ನೂ ಕೊಡುವರು. ಬಳಿಕ ಧಮನಿಗಳ ಚಿತ್ರವನ್ನು ತೆಗೆದು, ಅಡ್ಡಿಯಿರುವಲ್ಲಿ ಬಲೂನಿನಿಂದ ಹಿಗ್ಗಿಸಿ ಸ್ಟೆಂಟನ್ನು ಇರಿಸುವರು. ಇಲ್ಲವೇ ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ಬೇರೆ ದಾರಿಯನ್ನು ಹೊಲಿಯುವರು. ಬಲೂನಿನ ಚಿಕಿತ್ಸೆಯನ್ನು ೧೯೭೭ರಲ್ಲಿ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಮೊದಲು ನಡೆಸಿದರು. ಇಂದು ಬಹುಮಂದಿ ರೋಗಿಗಳು ಈ ದಾರಿಗಳಿಂದಲೇ ಬದುಕಿ ಮನೆಗೆ ಮರಳುತ್ತಿರುವರು.

ಆದರೆ ಕೆಲವರ ಸಂಗತಿ ಬೇರೆ. ಅವರ ಧಮನಿಗಳು ಒಂದೆರಡು ಕಡೆಗಳಲ್ಲಿ ಮಾತ್ರವಲ್ಲ, ಉದ್ದಕ್ಕೂ ಕೆಟ್ಟು, ನೂಲಿನಂತೆ ಸಣ್ಣಗಾಗಿರುವುವು. ಸ್ಟೆಂಟನ್ನು ಇರಿಸಲು ಎಡೆಯಿಲ್ಲ, ಬೈಪಾಸಿನ ನಾಳವನ್ನು ಹೊಲಿಯಲು ನೆಲೆಯಿಲ್ಲ. ಔಷಧಗಳೆಲ್ಲ ಮುಗಿದರೂ ನೋವು ಮುಗಿಯದು. ಇಂಥವರಿಗಾಗಿಯೇ ಲೇಸರಿನ ಯೋಚನೆಯು ಹುಟ್ಟಿತು.

೩. ಹಾವಿನ ಹೃದಯದಿಂದ ಬಂದ ಯೋಚನೆ

ಈ ಯೋಚನೆಯ ಬೇರು ನಮ್ಮ ದೇಶದಲ್ಲಿಯೂ ಇದೆಯೆಂಬುದನ್ನು ಬಹಳ ಜನರು ಅರಿಯರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪ್ರಫುಲ್ಲಕುಮಾರ ಸೇನ್ ಎಂಬ ಹೆಸರಾಂತ ಶಸ್ತ್ರವೈದ್ಯರಿದ್ದರು. ೧೯೬೮ರ ಫೆಬ್ರವರಿಯಲ್ಲಿ ಭಾರತದಲ್ಲಿ ಮೊತ್ತಮೊದಲು ಮನುಷ್ಯನಿಗೆ ಹೃದಯವನ್ನು ಬದಲಿಸಿ ಜೋಡಿಸಿದವರು ಅವರೇ. ಆ ರೋಗಿಯು ಕೆಲವು ಗಂಟೆಗಳಷ್ಟೇ ಬದುಕಿದನು.

ಸೇನ್ ಅವರ ಗಮನವು ಹಾವಿನ ಹೃದಯದ ಕಡೆಗೆ ಹೋಯಿತು. ಹಾವಿನ ಹೃದಯದ ಗೋಡೆಯು ಹೆಚ್ಚಾಗಿ ಸ್ಪಂಜಿನಂತೆ ಸಂದುಗೊಂದುಗಳಿಂದ ಕೂಡಿದ್ದು. ಕೋಣೆಯಲ್ಲಿರುವ ರಕ್ತವು ಆ ಸಂದುಗಳಿಗೆ ನೇರವಾಗಿ ನುಗ್ಗಿ ಸ್ನಾಯುವನ್ನು ಪೋಷಿಸುವುದು. ತಾಯಿಯ ಗರ್ಭದಲ್ಲಿ ಮೊದಮೊದಲು ರೂಪುಗೊಳ್ಳುವ ಮನುಷ್ಯಶಿಶುವಿನ ಹೃದಯವೂ ಇದೇ ತೆರನಾಗಿದ್ದು, ಆಮೇಲೆ ಬಿಗಿಯಾದ ಗೋಡೆಯಾಗಿ ಬೆಳೆಯುತ್ತದೆ. ಹಾಗಾದರೆ ಬಿಗಿಯಾದ ಗೋಡೆಯಲ್ಲಿ ನಾವೇ ಸಣ್ಣ ದಾರಿಗಳನ್ನು ಕೊರೆದರೆ, ಒಳಗಿನ ರಕ್ತವು ಹಸಿದ ಸ್ನಾಯುವನ್ನು ಸೇರಲಾರದೇ? ಹೊಳೆಯ ದಂಡೆಯನ್ನು ಅಲ್ಲಲ್ಲಿ ಸೀಳಿ ಗದ್ದೆಗೆ ನೀರನ್ನು ಬಿಡುವಂಥ ಯೋಚನೆಯಿದು.

ಸೇನ್ ಅವರೂ ಅವರ ಸಂಗಡಿಗರಾದ ಉದ್ವಾಡಿಯಾ, ಕಿನಾರೆ, ಪರುಳ್ಕರ್ ಅವರೂ ನಾಯಿಗಳ ಹೃದಯದ ಗೋಡೆಯನ್ನು ಸೂಜಿಯಿಂದ ಅನೇಕ ಕಡೆ ಚುಚ್ಚಿ ಪರೀಕ್ಷಿಸಿ, ಅದರ ವಿವರವನ್ನು ೧೯೬೫ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಲೋಕದ ಹೃದ್ರೋಗವೈದ್ಯರು ಅದನ್ನು ಓದಿದರು. ಆದರೆ ಸೂಜಿಯ ದಾರಿಗೆ ಒಂದು ಕೊರತೆಯಿತ್ತು. ಮೈಗೆ ಮುಳ್ಳು ಚುಚ್ಚಿದ ತೂತು ಹೇಗೆ ತಾನಾಗಿಯೇ ಮಾಯುವುದೋ ಹಾಗೆಯೇ ಹೃದಯದಲ್ಲಿ ಚುಚ್ಚಿದ ತೂತೂ ಕೆಲವು ಕಾಲದಲ್ಲಿ ಮಾಯ್ದು ಮುಚ್ಚಿಕೊಳ್ಳುವುದು. ವಾಸಿಮಾಡುವುದು ಶರೀರದ ಗುಣ. ಇಲ್ಲಿ ಆ ಗುಣವೇ ವೈದ್ಯನ ಕೆಲಸಕ್ಕೆ ಅಡ್ಡಿಯಾಯಿತು.

೪. ಬೆಳಕಿನ ಸೂಜಿ

ಆ ಹೊತ್ತಿಗೆ ಭೌತಶಾಸ್ತ್ರವು ಹೊಸದೊಂದು ಸೂಜಿಯನ್ನು ಸಿದ್ಧಪಡಿಸಿತ್ತು. ಐನ್‌ಸ್ಟೈನ್ ಅವರು ೧೯೧೭ರಲ್ಲಿ ಕಾಗದದ ಮೇಲೆ ತೋರಿಸಿದ್ದ ಒಂದು ತತ್ತ್ವವನ್ನು ಆಧರಿಸಿ, ೧೯೬೦ರ ಮೇ ತಿಂಗಳಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಅವರು ಕೆಂಪುಕಲ್ಲಿನ ಕಡ್ಡಿಯಿಂದ ಮೊದಲ ಲೇಸರನ್ನು ಹೊರಡಿಸಿದರು. ಸಾಮಾನ್ಯ ದೀಪದ ಬೆಳಕು ಸಂತೆ ಬಿಟ್ಟ ಜನರಂತೆ ನಾನಾ ದಿಕ್ಕಿಗೆ ಚದರುವುದು. ಲೇಸರಿನ ಬೆಳಕು ಕವಾಯತಿನ ಸಿಪಾಯಿಗಳಂತೆ ಒಂದೇ ಬಣ್ಣದ್ದಾಗಿ, ಒಂದೇ ಹೆಜ್ಜೆಯಲ್ಲಿ, ಒಂದೇ ದಿಕ್ಕಿಗೆ ಸಾಗುವುದು. ಆದುದರಿಂದ ಅದರ ಶಕ್ತಿಯನ್ನೆಲ್ಲ ಸಾಸುವೆಯಷ್ಟು ಜಾಗದ ಮೇಲೆ ಕೂಡಿಸಲು ಸಾಧ್ಯವಾಗುವುದು. ೧೯೬೪ರಲ್ಲಿ ಕುಮಾರ್ ಪಟೇಲ್ ಎಂಬವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರನ್ನು ಪಡೆದರು. ಈ ಕಿರಣವನ್ನು ನೀರು ಒಡನೆಯೇ ಹೀರಿಕೊಳ್ಳುವುದರಿಂದ, ನೀರೇ ಹೆಚ್ಚಾಗಿರುವ ಮಾಂಸವನ್ನು ಅದು ಕ್ಷಣದಲ್ಲಿ ಆವಿಯಾಗಿಸಿ ಸೀಳಬಲ್ಲದು. ಪಟೇಲರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಹೀಗೆ ಮುಂಬಯಿಯ ಸೂಜಿಯೂ ಬಾರಾಮತಿಯವರ ಬೆಳಕೂ ಮುಂದೊಂದು ದಿನ ದೂರದೇಶದಲ್ಲಿ ಸಂಧಿಸಬೇಕಾಗಿತ್ತು.

ಅವೆರಡನ್ನೂ ಕೂಡಿಸಿದವರು ಅಮೆರಿಕದಲ್ಲಿದ್ದ ಇರಾನ್ ಮೂಲದ ಶಸ್ತ್ರವೈದ್ಯ ಮಹಮೂದ್ ಮೀರ್‌ಹುಸೇನಿ. ಸೂಜಿಯ ತೂತು ಮುಚ್ಚಿಕೊಂಡರೂ ಕಿರಣದಿಂದ ಸುಟ್ಟ ದಾರಿಯು ತೆರೆದೇ ಇರಬಹುದೆಂದು ಅವರು ಆಶಿಸಿ, ೧೯೮೦ರ ದಶಕದ ಆರಂಭದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ ಜೊತೆಯಲ್ಲಿ ರೋಗಿಗಳಿಗೆ ಇದನ್ನು ಪ್ರಯೋಗಿಸಿದರು. ಮುಂದೆ ಇದು ಸ್ವತಂತ್ರವಾದ ಶಸ್ತ್ರಚಿಕಿತ್ಸೆಯಾಗಿ ಬೆಳೆದು, ೧೯೯೮ರಲ್ಲಿ ಅಮೆರಿಕದ ಸರಕಾರದ ಔಷಧ ಇಲಾಖೆಯಿಂದ ಅನುಮತಿಯನ್ನು ಪಡೆಯಿತು.

ಅದನ್ನು ಮಾಡುವ ಕ್ರಮವು ಹೀಗಿರುವುದು. ರೋಗಿಗೆ ಅರಿವಳಿಕೆಯನ್ನು ಕೊಟ್ಟು, ಎದೆಯ ಎಡಗಡೆಯಲ್ಲಿ ಪಕ್ಕೆಲುಬುಗಳ ನಡುವೆ ಕೊಯ್ದು ಹೃದಯವನ್ನು ಕಾಣಿಸಿಕೊಳ್ಳುವರು. ಹೃದಯವನ್ನು ನಿಲ್ಲಿಸುವ ಅಗತ್ಯವಿಲ್ಲ. ಅದು ಬಡಿಯುತ್ತಿರುವಾಗಲೇ ಕೆಲಸ ನಡೆಯುವುದು. ಎಡಭಾಗದ ಕೆಳಗಿನ ಕೋಣೆಯು ರಕ್ತದಿಂದ ತುಂಬಿಕೊಂಡ ಕ್ಷಣವನ್ನು ಯಂತ್ರವು ಇ.ಸಿ.ಜಿ.ಯಿಂದ ಅರಿತು, ಆಗಲೇ ಕಿರಣವನ್ನು ಬಿಡುವುದು. ಕಿರಣವು ಗೋಡೆಯನ್ನು ಹಾಯ್ದು ಒಳಗಿನ ರಕ್ತದಲ್ಲಿ ಲೀನವಾಗುವುದರಿಂದ ಎದುರುಗೋಡೆಗೆ ತಾಗದು. ಒಂದೊಂದು ರಂಧ್ರದ ಅಗಲವು ಸುಮಾರು ಒಂದು ಮಿಲಿಮೀಟರ್. ಒಂದರಿಂದೊಂದಕ್ಕೆ ಸುಮಾರು ಒಂದು ಸೆಂಟಿಮೀಟರ್ ಅಂತರ. ಒಟ್ಟು ಇಪ್ಪತ್ತರಿಂದ ನಲವತ್ತು ರಂಧ್ರಗಳು. ಹೊರಗಣ ಬಾಯಿಯನ್ನು ವೈದ್ಯನು ಬೆರಳಿನಿಂದ ಒತ್ತಿ ಹಿಡಿದರೆ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟಿ ಮುಚ್ಚಿಕೊಳ್ಳುವುದು. ಒಳಗಣ ಬಾಯಿಯು ತೆರೆದಿರಲೆಂಬುದು ಆಶೆ.

೫. ಪರೀಕ್ಷೆಯ ತಕ್ಕಡಿ

ಇಷ್ಟನ್ನು ಕೇಳಿದವರಿಗೆ ಆಶ್ಚರ್ಯವೂ ಸಂತೋಷವೂ ಆಗುವುದು ಸಹಜ. ಆದರೆ ಚಿಕಿತ್ಸೆಯ ಬೆಲೆಯನ್ನು ಅದರ ಬೆರಗಿನಿಂದ ಅಳೆಯಲಾಗದು. ಅದನ್ನು ತಕ್ಕಡಿಯಲ್ಲಿಟ್ಟು ತೂಗಬೇಕು. ಒಂದೇ ಬಗೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆಯನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡನ್ನೂ ಹೋಲಿಸುವುದೇ ಆ ತಕ್ಕಡಿ.

೧೯೯೯ರಲ್ಲಿ ಅಮೆರಿಕದ ಫ್ರೇಜಿಯರ್ ಮತ್ತು ಸಂಗಡಿಗರು ೧೯೨ ರೋಗಿಗಳನ್ನು ಹೀಗೆ ಹೋಲಿಸಿದ ವರದಿಯು ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ಲೇಸರ್ ಪಡೆದವರಲ್ಲಿ ನೂರಕ್ಕೆ ೭೨ ಮಂದಿಗೆ ನೋವು ಗಣನೀಯವಾಗಿ ಇಳಿದಿತ್ತು. ಔಷಧವನ್ನಷ್ಟೇ ಪಡೆದವರಲ್ಲಿ ನೂರಕ್ಕೆ ೧೩ ಮಂದಿಗೆ ಮಾತ್ರ. ಇದು ಸಣ್ಣ ಭೇದವಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು: ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಖಚಿತವಾದ ಅಂತರವು ಕಾಣಲಿಲ್ಲ. ನೋವು ಇಳಿಯಿತು, ಆಯುಸ್ಸು ಬೆಳೆಯಿತೆಂದು ಹೇಳಲಾಗಲಿಲ್ಲ.

ಮುಂದೆ ಇನ್ನೊಂದು ಸಂಗತಿ ಹೊರಬಿತ್ತು. ಲೇಸರಿನ ರಂಧ್ರಗಳೂ ಹೆಚ್ಚು ದಿನ ತೆರೆದಿರುವುದಿಲ್ಲ; ಸೂಜಿಯ ತೂತುಗಳಂತೆ ಅವೂ ಮಾಯ್ದು ಹೋಗುವುವು. ಹಾಗಾದರೆ ನೋವು ಇಳಿದುದು ಹೇಗೆ? ಸುಟ್ಟ ಜಾಗದ ಸುತ್ತ ಹೊಸ ಕಿರುನಾಳಗಳು ಚಿಗುರುವುವೆಂದು ಕೆಲವರೂ, ನೋವನ್ನು ಒಯ್ಯುವ ನರಗಳು ಸುಟ್ಟುಹೋಗುವುದರಿಂದ ನೋವು ತಿಳಿಯದಾಗುವುದೆಂದು ಕೆಲವರೂ, ದೊಡ್ಡ ಚಿಕಿತ್ಸೆಯಾಯಿತೆಂಬ ಭರವಸೆಯಿಂದಲೇ ಮನಸ್ಸು ನೋವನ್ನು ತಗ್ಗಿಸುವುದೆಂದು ಕೆಲವರೂ ಹೇಳಿದರು.

ಈ ಕೊನೆಯ ಮಾತನ್ನು ಪರೀಕ್ಷಿಸುವುದಕ್ಕೆ ಒಂದು ಜಾಣ ಉಪಾಯವನ್ನು ಹೂಡಿದರು. ಎದೆಯನ್ನು ಕೊಯ್ಯದೆ, ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಹೃದಯದೊಳಕ್ಕೆ ಒಯ್ದು ಲೇಸರನ್ನು ಬಿಡುವ ಮತ್ತೊಂದು ವಿಧಾನವು ಆಗ ಬಂದಿತ್ತು. ೨೯೮ ರೋಗಿಗಳಲ್ಲಿ ಕೆಲವರಿಗೆ ನಿಜವಾಗಿಯೂ ಕಿರಣವನ್ನು ಬಿಟ್ಟು, ಉಳಿದವರಿಗೆ ಬಿಟ್ಟಂತೆ ತೋರಿಸಿ, ಯಾರಿಗೆ ಯಾವುದು ಎಂಬುದು ರೋಗಿಗಳಿಗೆ ತಿಳಿಯದಂತೆ ನಡೆಸಿದರು. ೨೦೦೫ರಲ್ಲಿ ಅದರ ಫಲಿತಾಂಶವು ಹೊರಬಂದಿತು. ಆರು ತಿಂಗಳಾದ ಮೇಲೆ ಎರಡು ಕಡೆಯವರೂ ಮೊದಲಿಗಿಂತ ಹೆಚ್ಚು ಹೊತ್ತು ನಡೆಯಬಲ್ಲವರಾಗಿದ್ದರು. ಆದರೆ ಕಿರಣ ಬಿದ್ದವರಿಗೂ ಬೀಳದವರಿಗೂ ಭೇದವೇ ಇರಲಿಲ್ಲ! ಎದೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಗೆ ಈ ಪರೀಕ್ಷೆಯು ನೇರವಾಗಿ ಅನ್ವಯಿಸದೆಂಬುದು ನಿಜ. ಆದರೂ ಭರವಸೆಯ ಬಲವು ಎಷ್ಟೆಂಬುದನ್ನು ಇದು ತೋರಿಸಿಕೊಟ್ಟಿತು.

ಇನ್ನು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ. ಅಸ್ಥಿರ ಹೃದಯಶೂಲೆಯು ಔಷಧಗಳಿಗೆ ಬಗ್ಗದೆ, ಬೇರೆ ಯಾವ ದಾರಿಯೂ ಇಲ್ಲದವರಿಗೆ ಲೇಸರ್ ಮಾಡಿದರೆ ಏನಾಗುವುದು? ಹ್ಯಾಟ್ಲರ್ ಎಂಬವರೂ ಅವರ ಸಂಗಡಿಗರೂ ೧೯೯೯ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸ್ಥಿರ ಶೂಲೆಯವರಲ್ಲಿ ಮೊದಲ ಮೂವತ್ತು ದಿನಗಳಲ್ಲಿ ತೀರಿಕೊಂಡವರು ನೂರಕ್ಕೆ ೩. ಅಸ್ಥಿರ ಶೂಲೆಯವರಲ್ಲಿ ನೂರಕ್ಕೆ ೧೬. ಆ ತಿಂಗಳನ್ನು ದಾಟಿದವರಲ್ಲಿ ಬಹುಮಂದಿಗೆ ನೋವು ಇಳಿಯಿತೆಂಬುದೂ ದಿಟವೇ. ಆದರೆ ಯಾರಿಗೆ ಇದರ ಅಗತ್ಯವು ಅತಿಶಯವಾಗಿ ತೋರುವುದೋ ಅವರಿಗೇ ಇದು ಅತಿಶಯವಾಗಿ ಅಪಾಯಕರವೆಂಬುದು ಇದರಿಂದ ಸ್ಪಷ್ಟವಾಯಿತು.

೨೦೦೯ರಲ್ಲಿ ಇಂಗ್ಲೆಂಡಿನ ಸರಕಾರೀ ಆರೋಗ್ಯ ಸಲಹಾಸಂಸ್ಥೆಯು ಈ ಎಲ್ಲ ಪುರಾವೆಗಳನ್ನು ತೂಗಿನೋಡಿ, ಗುಣವು ಸಾಲದು, ಅಪಾಯವು ಹೆಚ್ಚು, ಆದಕಾರಣ ಈ ಶಸ್ತ್ರಚಿಕಿತ್ಸೆಯನ್ನು ಮಾಡಕೂಡದೆಂದು ತಿಳಿಸಿತು. ಇಂದು ಇದು ಲೋಕದಲ್ಲಿ ವಿರಳವಾಗಿ ನಡೆಯುವ ಚಿಕಿತ್ಸೆ. ಹಾಗೆಂದು ಸೇನ್ ಅವರ ಮತ್ತು ಮೀರ್‌ಹುಸೇನಿಯವರ ಶ್ರಮವನ್ನು ಹಗುರವಾಗಿ ನೋಡಬಾರದು. ಹಸಿದ ಹೃದಯಕ್ಕೆ ರಕ್ತವನ್ನು ಹೇಗೆ ಮುಟ್ಟಿಸಲೆಂಬ ಅವರ ಪ್ರಶ್ನೆಯು ಒಳ್ಳೆಯದೇ. ಒಳ್ಳೆಯ ಪ್ರಶ್ನೆಯನ್ನು ಕೇಳುವುದು ವಿದ್ಯೆಯ ಅರ್ಧ. ಬಂದ ಉತ್ತರವು ಮನಸ್ಸಿಗೆ ಒಪ್ಪದಿದ್ದರೂ ಸತ್ಯವೆಂದು ಒಪ್ಪಿಕೊಳ್ಳುವುದು ಇನ್ನರ್ಧ.

೬. ಈ ಪಾಠವು ನಮಗೇಕೆ?

ಬೆಳಕಿನ ಸೂಜಿಯು ಅಸ್ಥಿರ ಹೃದಯಶೂಲೆಯ ರೋಗಿಯನ್ನು ಕಾಯಲಿಲ್ಲವೆಂದ ಮೇಲೆ, ಕಾಯುವುದು ಯಾವುದು? ಉತ್ತರವು ತೀರ ಸರಳ: ಹೊತ್ತಿಗೆ ಸರಿಯಾಗಿ ಹೇಳುವ ಮಾತು, ಹೊತ್ತಿಗೆ ಸರಿಯಾಗಿ ಸೇರುವ ಆಸ್ಪತ್ರೆ. ಧಮನಿಗಳು ಲೇಸರಿನ ಹೊರತು ಗತಿಯಿಲ್ಲವೆಂಬಷ್ಟು ಕೆಡುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ರಕ್ತದೊತ್ತಡ, ಸಕ್ಕರೆಯ ಕಾಯಿಲೆ, ಹೊಗೆಸೊಪ್ಪು, ಕೊಬ್ಬು ಇವುಗಳನ್ನು ಹತೋಟಿಯಲ್ಲಿಡುವುದು ನಮ್ಮ ಕೈಯಲ್ಲಿದೆ. ಗಂಟು ಬಿರಿದು ಹೆಪ್ಪುಗಟ್ಟುವುದಕ್ಕೆ ಮಾತ್ರ ಗಳಿಗೆಗಳು ಸಾಕು.

ಇಲ್ಲಿಯೇ ಹೆಣ್ಣುಮಕ್ಕಳ ಮಾತು ಬರುವುದು. ಮಿಷನ್ ಆಸ್ಪತ್ರೆಗಳ ಚರಿತ್ರೆಯನ್ನು ಬಲ್ಲವರಿಗೆ ಈಡಾ ಸ್ಕಡರ್ ಅವರ ಹೆಸರು ಹೊಸದಲ್ಲ. ೧೮೯೦ರ ದಶಕದಲ್ಲಿ ತಮಿಳುನಾಡಿನ ತಿಂಡಿವನದಲ್ಲಿ ಅವರು ತಂದೆಯೊಡನಿದ್ದಾಗ, ಒಂದೇ ರಾತ್ರಿ ಮೂವರು ಗಂಡಸರು ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡತಿಯರಿಗಾಗಿ ಸಹಾಯವನ್ನು ಬೇಡಿದರು. ಈಡಾ ಆಗ ವೈದ್ಯೆಯಾಗಿರಲಿಲ್ಲ. ವೈದ್ಯರಾಗಿದ್ದ ತಂದೆಯನ್ನು ಕರೆದೊಯ್ಯಿರೆಂದರೆ, ಪರಪುರುಷನು ಮುಟ್ಟಬಾರದೆಂದು ಮೂವರೂ ಒಪ್ಪಲಿಲ್ಲ. ಬೆಳಗಾಗುವುದರೊಳಗೆ ಆ ಮೂವರು ತಾಯಂದಿರೂ ತೀರಿಕೊಂಡರು. ಈಡಾ ಅಮೆರಿಕಕ್ಕೆ ಹೋಗಿ, ೧೮೯೯ರಲ್ಲಿ ವೈದ್ಯಪದವಿಯನ್ನು ಪಡೆದು ಮರಳಿ, ವೆಲ್ಲೂರಿನಲ್ಲಿ ಸೇವೆಯನ್ನು ಆರಂಭಿಸಿ, ೧೯೧೮ರಲ್ಲಿ ಹೆಂಗಸರಿಗಾಗಿ ವೈದ್ಯಶಾಲೆಯನ್ನೂ ತೆರೆದರು. ಭಾರತದ ಮೊದಲ ಮಹಿಳಾ ಹೃದ್ರೋಗತಜ್ಞೆಯೆಂದು ಹೆಸರಾದ ಎಸ್. ಪದ್ಮಾವತಿಯವರು ೧೯೧೭ರಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಹಲವು ದಶಕಗಳ ಕಾಲ ಹೃದ್ರೋಗಿಗಳ ಸೇವೆಯನ್ನು ಮಾಡಿ, ೨೦೨೦ರಲ್ಲಿ ತೀರಿಕೊಂಡರು.

ಇಂದು ವೈದ್ಯೆಯರಿಗೆ ಕೊರತೆಯಿಲ್ಲ. ವೈದ್ಯನು ಮುಟ್ಟಬಾರದೆಂಬ ತಡೆಯೂ ಬಹಳಮಟ್ಟಿಗೆ ಹೋಗಿದೆ. ಆದರೆ ನಾವೇ ಕಟ್ಟಿಕೊಂಡ ಇನ್ನೊಂದು ತಡೆಯು ಉಳಿದಿದೆ; ಅದೇ ಮೌನ. ಮನೆಯವರ ಊಟವಾಗಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ಕಾಫಿಯ ಕುಯ್ಲು ಮುಗಿಯಲಿ, ಆಮೇಲೆ ನೋಡೋಣವೆಂದು ತಾಯಂದಿರು ತಮ್ಮ ನೋವನ್ನು ಮುಂದೂಡುವರು. ಇದಕ್ಕೆ ತಾಳ್ಮೆಯೆಂದು ನಾವು ಹೆಸರಿಟ್ಟು ಹೊಗಳುವುದೂ ಉಂಟು. ಮಾತ್ರವಲ್ಲ, ಹೆಂಗಸರಲ್ಲಿ ಹೃದಯದ ರೋಗವು ವೇಷವನ್ನು ಮರೆಸಿಕೊಂಡು ಬರುವುದೂ ಹೆಚ್ಚು. ಎದೆಯ ನೋವು ಅವರಲ್ಲಿಯೂ ಮುಖ್ಯ ಲಕ್ಷಣವೇ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಉಸಿರು ಕಟ್ಟುವುದು, ಕಾರಣವಿಲ್ಲದ ಆಯಾಸ, ಓಕರಿಕೆ, ತಣ್ಣನೆಯ ಬೆವರು, ದವಡೆ ಬೆನ್ನು ತೋಳುಗಳ ನೋವು ಕಾಣಿಸುವುದು. ಇವನ್ನೆಲ್ಲ ವಾಯುವೆಂದೋ ಪಿತ್ತವೆಂದೋ ಬಳಲಿಕೆಯೆಂದೋ ತಳ್ಳಿಹಾಕುವುದು ಸುಲಭ.

ನಮ್ಮ ಕಡೆಯವರಿಗೆ ದೂರವೆಂಬುದೂ ಒಂದು ಶತ್ರು. ಹೃದಯದ ದೊಡ್ಡ ಚಿಕಿತ್ಸೆಗೆ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುವುದು ವಾಡಿಕೆ. ಮಳೆಗಾಲದ ಇರುಳಿನಲ್ಲಿ ಮಲೆನಾಡಿನ ದಾರಿಯು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆದುದರಿಂದ ಮೊದಲ ಇ.ಸಿ.ಜಿ.ಯನ್ನು ಸಮೀಪದ ಸರಕಾರೀ ಆಸ್ಪತ್ರೆಯಲ್ಲಿಯೇ ತೆಗೆಯಿಸಿ, ಮೊದಲ ಔಷಧವನ್ನು ಅಲ್ಲಿಯೇ ಪಡೆದು, ಬಳಿಕ ಮುಂದಕ್ಕೆ ಹೋಗುವುದೇ ಬುದ್ಧಿವಂತಿಕೆ. ಕರ್ನಾಟಕ ಸರಕಾರವು, ೨೦೨೧ರಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ, ಹೃದಯ ಜ್ಯೋತಿ ಎಂಬ ಯೋಜನೆಯನ್ನು ತಂದಿರುವುದು ಇದೇ ಉದ್ದೇಶದಿಂದ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಓದಿ ಸಲಹೆ ಕೊಡುವರು. ಧಮನಿಯು ಪೂರ್ತಿ ಮುಚ್ಚಿದ ಹೃದಯಾಘಾತವೆಂದು ಕಂಡರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವ ಏರ್ಪಾಡು ಅದರಲ್ಲಿದೆ. ಅಸ್ಥಿರ ಹೃದಯಶೂಲೆಗೆ ಆ ಚುಚ್ಚುಮದ್ದು ತಕ್ಕುದಲ್ಲ, ಅದರ ಔಷಧಗಳೇ ಬೇರೆ. ಎರಡರಲ್ಲಿ ಯಾವುದೆಂಬುದನ್ನು ಹೇಳಬಲ್ಲುದು ಇ.ಸಿ.ಜಿ.ಯೂ ರಕ್ತಪರೀಕ್ಷೆಯೂ ಹೊರತು ನೆರೆಮನೆಯವರ ಊಹೆಯಲ್ಲ.

೭. ನೆನಪಿನಲ್ಲಿಡತಕ್ಕ ಮಾತುಗಳು

ಒಂದನೆಯದು. ನಡೆದಾಗ ಬಂದು ನಿಂತಾಗ ಹೋಗುವ ಎದೆನೋವು 'ಹೋಯಿತಲ್ಲಾ' ಎಂದು ಸುಮ್ಮನಿರತಕ್ಕದ್ದಲ್ಲ. ಆ ವಾರದಲ್ಲಿಯೇ ವೈದ್ಯರಿಗೆ ತೋರಿಸತಕ್ಕದ್ದು.

ಎರಡನೆಯದು. ಹೊಸದಾದ, ಹೆಚ್ಚುತ್ತಿರುವ, ವಿಶ್ರಾಂತಿಯಲ್ಲಿಯೂ ಬರುವ ನೋವಿಗೆ ಗಳಿಗೆಯೂ ಕಾಯಬಾರದು. ರೋಗಿಯನ್ನು ಕುಳ್ಳಿರಿಸಿ, ನಡೆಯಿಸದೆ, ೧೦೮ಕ್ಕೆ ಕರೆಮಾಡಬೇಕು. ನಾಲಗೆಯ ಅಡಿಯಲ್ಲಿ ಇಡುವ ಮಾತ್ರೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಅದನ್ನು ಕೊಡಬಹುದು. ಆಸ್ಪಿರಿನ್ ಒಗ್ಗದವರೂ ರಕ್ತಸ್ರಾವದ ತೊಂದರೆಯುಳ್ಳವರೂ ಅಲ್ಲದಿದ್ದರೆ, ವೈದ್ಯರ ಅಥವಾ ೧೦೮ರವರ ಸಲಹೆಯಂತೆ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗಿಸಬಹುದು.

ಮೂರನೆಯದು. ಹೊಸ ಚಿಕಿತ್ಸೆಯ ಹೆಸರನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಇದನ್ನು ಯಾರೊಂದಿಗೆ ಹೋಲಿಸಿ ಪರೀಕ್ಷಿಸಿದರು? ಇದು ನೋವನ್ನು ಇಳಿಸುವುದೋ ಆಯುಸ್ಸನ್ನು ಬೆಳೆಸುವುದೋ? ನನ್ನಂಥ ರೋಗಿಗೆ ಇದರ ಅಪಾಯವೆಷ್ಟು? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಬೇಸರಪಡನು.

ನಾಲ್ಕನೆಯದು, ಕೊನೆಯದು. ಮೊದಲು ನೆನೆದ ತಾಯಿಯ ಮನೆಗೆ ಮತ್ತೊಮ್ಮೆ ಹೋಗೋಣ. ಇರುಳು, ಹೊರಗೆ ಮಳೆ, ಆಕೆಯ ಎದೆ ಇರುಕುತ್ತಿದೆ. ಪಕ್ಕದಲ್ಲಿ ಮಗಳು ಮಲಗಿದ್ದಾಳೆ. ಆ ತಾಯಿಯು ಕಷಾಯದ ಪಾತ್ರೆಗೆ ಕೈ ಹಾಕುವ ಬದಲು ಮಗಳ ಹೆಗಲನ್ನು ಮುಟ್ಟಿ, "ಏಳಮ್ಮಾ, ನನಗೆ ಎದೆ ನೋಯುತ್ತಿದೆ" ಎಂದು ಹೇಳಿದರೆ, ಯಾವ ಲೇಸರಿಗಿಂತಲೂ ಹೆಚ್ಚಿನ ಚಿಕಿತ್ಸೆಯು ಆ ಕ್ಷಣದಲ್ಲಿಯೇ ಆರಂಭವಾದಂತೆ. ಹಾಗೆ ಹೇಳುವ ಧೈರ್ಯವನ್ನು ನಮ್ಮ ತಾಯಂದಿರಿಗೂ, ಕೇಳಿದೊಡನೆ ಏಳುವ ಬುದ್ಧಿಯನ್ನು ನಮ್ಮ ಮಕ್ಕಳಿಗೂ ದೇವರು ಅನುಗ್ರಹಿಸಲಿ.